ನಿದ್ರೆಯ ಅಳತೆ: ಹಾಸಿಗೆಯ ಪಕ್ಕದಿಂದ ಮಣಿಕಟ್ಟಿನವರೆಗೆ

ನಿದ್ರಿಸುವವನು ತನ್ನ ನಿದ್ರೆಯನ್ನು ತಾನು ಕಾಣಲಾರನು. ಹಸಿವು, ಬಾಯಾರಿಕೆ, ನೋವು ಇವುಗಳಿಗೆಲ್ಲ ಮನುಷ್ಯನು ತಾನೇ ಸಾಕ್ಷಿ. ನಿದ್ರೆಯೊಂದಕ್ಕೆ ಮಾತ್ರ ಬೇರೊಬ್ಬರು ಸಾಕ್ಷಿಯಾಗಬೇಕು. "ರಾತ್ರಿ ಚೆನ್ನಾಗಿ ನಿದ್ದೆ ಬಂತೆ?" ಎಂದು ಯಾರಾದರೂ ಕೇಳಿದರೆ ನಾವು ಕೊಡುವ ಉತ್ತರವು ಎದ್ದ ಮೇಲಿನ ಊಹೆಯೇ ಹೊರತು ಕಂಡ ಮಾತಲ್ಲ. ಆದುದರಿಂದ ನಿದ್ರೆಯನ್ನು ಅಳೆದ ಚರಿತ್ರೆಯೆಂದರೆ ಮಲಗಿದವರ ಪಕ್ಕದಲ್ಲಿ ಎಚ್ಚರವಾಗಿದ್ದವರ ಚರಿತ್ರೆಯೇ ಆಗಿದೆ. ಮೊದಲು ಆ ಕೆಲಸವನ್ನು ತಾಯಿಯೂ ಹೆಂಡತಿಯೂ ಮಾಡಿದರು. ಅನಂತರ ವೈದ್ಯರು ಮಾಡಿದರು. ಆ ಬಳಿಕ ಯಂತ್ರ ಬಂದಿತು. ಈಗ ಮಣಿಕಟ್ಟಿನ ಗಡಿಯಾರವೂ ಬೆರಳಿನ ಉಂಗುರವೂ ಆ ಕೆಲಸಕ್ಕೆ ನಿಂತಿವೆ. ಈ ಮಾರ್ಪಾಡು ಹೇಗೆ ನಡೆಯಿತು, ಅದರಿಂದ ನಮ್ಮ ಹಾಸನೂರಿನಂಥ ಗುಡ್ಡಗಾಡಿನ ಜನಕ್ಕೂ, ಮುಖ್ಯವಾಗಿ ನಮ್ಮ ಶಾಲೆಗಳ ಮಕ್ಕಳಿಗೂ ಏನು ಪ್ರಯೋಜನ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡುವೆವು.

ಹಿಂದಿನವರ ತಿಳಿವಳಿಕೆ

ನಿದ್ರೆಯಲ್ಲಿ ಭೇದಗಳುಂಟೆಂಬುದು ನಮ್ಮ ಹಿಂದಿನವರಿಗೆ ತಿಳಿದಿತ್ತು. ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳನ್ನು ಹೇಳಿ, ಅವುಗಳಾಚೆಗೆ ತುರೀಯವೆಂಬ ನಾಲ್ಕನೆಯದನ್ನು ಸೂಚಿಸುತ್ತದೆ. ಅಲ್ಲಿ ನಡೆದದ್ದು ಆತ್ಮವಿಚಾರ, ರೋಗವಿಚಾರವಲ್ಲ. ಆದರೂ ಕನಸಿನ ನಿದ್ರೆ ಬೇರೆ, ಕನಸಿಲ್ಲದ ಗಾಢನಿದ್ರೆ ಬೇರೆ ಎಂಬ ವಿವೇಚನೆ ಅಷ್ಟು ಹಿಂದೆಯೇ ಇದ್ದಿತೆಂಬುದು ಗಮನಾರ್ಹವಾಗಿದೆ.

ಜನಸಾಮಾನ್ಯರ ತಿಳಿವಳಿಕೆಯಾದರೋ ಗಾದೆಗಳಲ್ಲಿ ಉಳಿದುಬಂದಿದೆ. "ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂದು ನಾವು ಹೇಳುತ್ತೇವೆ. ಹೆಚ್ಚು ನಿದ್ರಿಸುವವನನ್ನು ಕುಂಭಕರ್ಣನೆನ್ನುತ್ತೇವೆ. ಗೊರಕೆ ಹೊಡೆಯುವವನಿಗೆ ಒಳ್ಳೆಯ ನಿದ್ರೆ ಹತ್ತಿದೆಯೆಂದು ತಿಳಿಯುತ್ತೇವೆ. ಈ ಮೂರು ಮಾತುಗಳಲ್ಲಿಯೂ ಒಂದೇ ನಂಬಿಕೆಯಿದೆ: ಕಂಡಲ್ಲಿ ನಿದ್ರಿಸುವವನು ನಿಶ್ಚಿಂತನು, ಇಲ್ಲವೆ ಸೋಮಾರಿ. ಅವನು ರೋಗಿಯೂ ಆಗಿರಬಹುದೆಂಬ ಸಂಶಯ ಗಾದೆಗೆ ಬಂದಿಲ್ಲ. ಸಂತೆಯಲ್ಲಿ ತೂಕಡಿಸುವವನಿಗೆ ಚಿಂತೆಯಿಲ್ಲವೆಂದಲ್ಲ, ರಾತ್ರಿಯೆಲ್ಲ ನಿಜವಾದ ನಿದ್ರೆಯೇ ಇಲ್ಲದಿರಬಹುದು ಎಂಬುದನ್ನು ಕಂಡುಕೊಳ್ಳಲು ಜಗತ್ತಿಗೆ ಬಹುಕಾಲ ಬೇಕಾಯಿತು.

ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಪ್ರಕಟಿಸಿದ 'ಪಿಕ್‌ವಿಕ್ ಪೇಪರ್ಸ್' ಎಂಬ ಕೃತಿಯಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗನೊಬ್ಬನಿದ್ದಾನೆ. ಅವನು ನಿಂತಲ್ಲಿ ಕುಳಿತಲ್ಲಿ ನಿದ್ರಿಸುವನು, ಗೊರಕೆ ಹೊಡೆಯುವನು. ಓದುಗರು ಅವನನ್ನು ಕಂಡು ನಕ್ಕರು. ನೂರಿಪ್ಪತ್ತು ವರ್ಷಗಳ ತರುವಾಯ ವೈದ್ಯರು ಒಂದು ರೋಗಕ್ಕೆ ಆ ಪುಸ್ತಕದ ಹೆಸರನ್ನೇ ಇಟ್ಟರು.

ಉಪಾಧ್ಯಾಯರು ನೆನೆಯಬೇಕಾದ ಇನ್ನೆರಡು ವರ್ಷಗಳಿವೆ. 1889ರಲ್ಲಿ ವಿಲಿಯಂ ಹಿಲ್ ಎಂಬ ವೈದ್ಯರು, ಶಾಲೆಯಲ್ಲಿ ಹಿಂದುಳಿದ ಕೆಲವು ಮಕ್ಕಳ ಮಂದತನಕ್ಕೆ ಮೂಗು ಗಂಟಲುಗಳ ಅಡಚಣೆಯೇ ಕಾರಣವೆಂದು ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಬರೆದರು. 1892ರಲ್ಲಿ ಸುಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್ ತಮ್ಮ ವೈದ್ಯಗ್ರಂಥದಲ್ಲಿ, ಗಂಟಲಿನ ಗ್ರಂಥಿಗಳು ಊದಿಕೊಂಡ ಮಕ್ಕಳು ರಾತ್ರಿ ಜೋರಾಗಿ ಉಸಿರೆಳೆಯುವರೆಂದೂ, ನಡುನಡುವೆ ಉಸಿರು ಬಹಳ ಹೊತ್ತು ನಿಂತು ಮತ್ತೆ ಸದ್ದಿನೊಡನೆ ಆರಂಭವಾಗುವುದೆಂದೂ ವರ್ಣಿಸಿದರು. ಅವರ ಬಳಿ ಯಂತ್ರವಿರಲಿಲ್ಲ. ಮಗುವಿನ ಪಕ್ಕದಲ್ಲಿ ಎಚ್ಚರವಿದ್ದ ತಾಯಂದಿರ ಕಿವಿಯೇ ಯಂತ್ರವಾಗಿದ್ದಿತು. ಆದರೆ ಈ ಮಾತುಗಳನ್ನು ಮುಂದಿನವರು ಮರೆತರು.

ಕಾಗದದ ಮೇಲೆ ನಿದ್ರೆ

ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಅದನ್ನು ಪ್ರಕಟಿಸಿದರು. ತಲೆಯನ್ನು ಸೀಳದೆ, ನೆತ್ತಿಯ ಮೇಲಿಟ್ಟ ತಂತಿಗಳಿಂದಲೇ ಮಿದುಳಿನ ವ್ಯಾಪಾರವನ್ನು ತಿಳಿಯಬಹುದೆಂದಾಯಿತು. 1937ರಲ್ಲಿ ಅಮೆರಿಕದ ಲೂಮಿಸ್, ಹಾರ್ವಿ, ಹೋಬಾರ್ಟ್ ಎಂಬ ಮೂವರು ನಿದ್ರೆಯ ತರಂಗಗಳನ್ನು ಐದು ಹಂತಗಳಾಗಿ ವಿಂಗಡಿಸಿದರು.

1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸರಿನ್‌ಸ್ಕಿ ಮತ್ತು ನೇಥನಿಯಲ್ ಕ್ಲೈಟ್‌ಮನ್ ಇನ್ನೊಂದು ಅಚ್ಚರಿಯನ್ನು ಹೊರಗೆಡಹಿದರು. ನಿದ್ರೆಯ ನಡುವೆ ಕೆಲವು ವೇಳೆ ಮುಚ್ಚಿದ ರೆಪ್ಪೆಗಳ ಒಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುವು. ಆಗ ಎಬ್ಬಿಸಿದರೆ ಮಲಗಿದವರು ಬಹುಮಟ್ಟಿಗೆ ಕನಸನ್ನು ಹೇಳುವರು. ಅಸರಿನ್‌ಸ್ಕಿ ಈ ಶೋಧನೆಯ ಮೊದಲ ದಿನಗಳಲ್ಲಿ ಎಂಟು ವರ್ಷದ ತಮ್ಮ ಮಗನಿಗೇ ತಂತಿಗಳನ್ನು ಅಂಟಿಸಿ ಪರೀಕ್ಷಿಸಿದರೆಂಬುದು ನಮ್ಮ ಬಾಲವಾಚಕರಿಗೆ ರುಚಿಸುವ ಸಂಗತಿ.

1968ರಲ್ಲಿ ರೆಕ್ಟ್‌ಷಾಫನ್ ಮತ್ತು ಕೇಲ್ಸ್ ಎಂಬುವರು ನಿದ್ರೆಯ ಹಂತಗಳನ್ನು ಗುರುತಿಸುವ ಕೈಪಿಡಿಯೊಂದನ್ನು ಸಿದ್ಧಪಡಿಸಿದರು. ಆ ಕಾಲದ ಪ್ರಯೋಗಶಾಲೆಗಳಲ್ಲಿ ಕಾಗದವು ಸೆಕೆಂಡಿಗೆ 10 ಮಿಲಿಮೀಟರಿನಂತೆ ಓಡುವುದು ವಾಡಿಕೆಯಾಗಿತ್ತು. ಒಂದೊಂದು ಪುಟವೂ 30 ಸೆಕೆಂಡುಗಳ ದಾಖಲೆ. ಹಾಗಾದರೆ ಎಂಟು ಗಂಟೆಗಳ ನಿದ್ರೆಗೆ ಎಷ್ಟು ಪುಟ, ಎಷ್ಟು ಉದ್ದದ ಕಾಗದ? ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: 960 ಪುಟ, 288 ಮೀಟರ್. ಒಬ್ಬನ ಒಂದು ರಾತ್ರಿಯನ್ನು ಓದಲು ಇನ್ನೊಬ್ಬನ ಹಗಲು ಬಹುಪಾಲು ಬೇಕಾಗುತ್ತಿತ್ತು. ನಿದ್ರೆಯ ಪರೀಕ್ಷೆಯು ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿ ಉಳಿಯಲು ಇದೇ ಮುಖ್ಯ ಕಾರಣ.

ಉಸಿರುತಡೆಯ ಶೋಧ

1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಅವರ ಸಹೋದ್ಯೋಗಿಗಳು ಸ್ಥೂಲಕಾಯದ ವ್ಯಾಪಾರಸ್ಥನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಇಸ್ಪೀಟಿನಾಟದಲ್ಲಿ ಬಲು ಒಳ್ಳೆಯ ಎಲೆಗಳು ಕೈಗೆ ಬಂದಿದ್ದರೂ ಅವನು ಅವನ್ನು ಹಿಡಿದುಕೊಂಡೇ ನಿದ್ರೆಹೋಗಿ ಆಟವನ್ನು ಕಳೆದುಕೊಂಡನಂತೆ. ಡಿಕನ್ಸನ ಜೋ ನೆನಪಿಗೆ ಬಂದು, ವೈದ್ಯರು ಇದನ್ನು ಪಿಕ್‌ವಿಕ್ ರೋಗವೆಂದು ಕರೆದರು. ಆದರೆ ಅವರು ರೋಗಿಯನ್ನು ಪರೀಕ್ಷಿಸಿದ್ದು ಹಗಲಿನಲ್ಲಿ. ರೋಗವು ಇದ್ದದ್ದು ರಾತ್ರಿಯಲ್ಲಿ.

1965ರಲ್ಲಿ ಫ್ರಾನ್ಸಿನ ಗಾಸ್ಟೋ ಮತ್ತು ಸಂಗಡಿಗರು, ಜರ್ಮನಿಯ ಯುಂಗ್ ಮತ್ತು ಕುಹ್ಲೋ, ಇಂಥ ರೋಗಿಗಳ ನಿದ್ರೆಯನ್ನು ರಾತ್ರಿಯೆಲ್ಲ ದಾಖಲಿಸಿದರು. ಆಗ ನಿಜವು ಹೊರಬಿದ್ದಿತು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಹೋಗುವುದು. ಎದೆ ಉಸಿರೆಳೆಯಲು ಹೆಣಗುತ್ತಿದ್ದರೂ ಗಾಳಿ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ಇಳಿಯುವುದು. ಮಿದುಳು ಗಾಬರಿಗೊಂಡು ಕ್ಷಣಕಾಲ ಎಚ್ಚರಗೊಳ್ಳುವುದು. ದೊಡ್ಡ ಸದ್ದಿನೊಡನೆ ಉಸಿರು ಮರಳುವುದು. ಮತ್ತೆ ನಿದ್ರೆ, ಮತ್ತೆ ತಡೆ. ಹೀಗೆ ಒಂದು ರಾತ್ರಿಯಲ್ಲಿ ನೂರಾರು ಸಲ ಆದರೂ ಬೆಳಿಗ್ಗೆ ಮಲಗಿದವನಿಗೆ ಒಂದೂ ನೆನಪಿರದು. ಗ್ರೀಕ್ ಭಾಷೆಯ ಶಬ್ದವೊಂದರಿಂದ ಇದನ್ನು ಸ್ಲೀಪ್ ಅಪ್ನಿಯ ಎನ್ನುವರು. ಉಸಿರಿಲ್ಲದಿರುವುದು ಎಂದು ಅಪ್ನಿಯ ಶಬ್ದದ ಅರ್ಥ. ಈ ಲೇಖನದಲ್ಲಿ ನಾವು ಅದನ್ನು 'ಉಸಿರುತಡೆ' ಎಂದು ಕರೆಯುವೆವು. ರೋಗಕ್ಕೆ ಅಪ್ನಿಯವೆಂಬ ಹೆಸರನ್ನು 1976ರಲ್ಲಿ ರೂಢಿಗೆ ತಂದವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದ ಕ್ರಿಶ್ಚಿಯನ್ ಗಿಯೆಮಿನೋ ಎಂಬ ವೈದ್ಯರು. ಅದೇ ವರ್ಷ ಅವರು ಎಂಟು ಮಕ್ಕಳಲ್ಲಿ ಈ ರೋಗವನ್ನು ತೋರಿಸಿಕೊಟ್ಟರು. ಆಸ್ಲರ್ ಕಂಡಿದ್ದ ಮಗು ಎಂಬತ್ತನಾಲ್ಕು ವರ್ಷಗಳ ಬಳಿಕ ವೈದ್ಯಶಾಸ್ತ್ರಕ್ಕೆ ಮತ್ತೆ ಕಾಣಿಸಿತು.

ಉಸಿರು 10 ಸೆಕೆಂಡುಗಳಾದರೂ ನಿಂತರೆ ಅಥವಾ ಬಹಳ ಕುಗ್ಗಿದರೆ ಅದನ್ನು ಒಂದು ಸಲವೆಂದು ಎಣಿಸುವರು. ವಯಸ್ಕರಲ್ಲಿ ಗಂಟೆಗೆ 5ರಿಂದ ಮೇಲಾದರೆ ರೋಗದ ಆರಂಭ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಇದು ರಕ್ತದ ಒತ್ತಡವನ್ನು ಏರಿಸುವುದು, ಹೃದಯಕ್ಕೂ ಮಿದುಳಿಗೂ ಅಪಾಯವನ್ನು ಹೆಚ್ಚಿಸುವುದು. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮೂಗಿನ ಮೂಲಕ ಮೆಲ್ಲನೆ ಗಾಳಿಯೊತ್ತುವ ಯಂತ್ರದಿಂದ ಐವರು ರೋಗಿಗಳ ಗಂಟಲು ಮುಚ್ಚದಂತೆ ಮಾಡಿದರು. ಇಂದಿಗೂ ವಯಸ್ಕರಿಗೆ ಅದೇ ಮುಖ್ಯ ಚಿಕಿತ್ಸೆ. 2019ರಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69 ವರ್ಷದೊಳಗಿನ ಸುಮಾರು 93 ಕೋಟಿ 60 ಲಕ್ಷ ಜನರಿಗೆ ಉಸಿರುತಡೆಯಿದೆ. ಅವರಲ್ಲಿ ಬಹುಮಂದಿಗೆ ಅದರ ಅರಿವಿಲ್ಲ.

ಬೆಂಗಳೂರಿನ ಪ್ರಯೋಗಶಾಲೆ

ಕನ್ನಡನಾಡಿನಲ್ಲಿ ಈ ಶಾಸ್ತ್ರ ಬೇರೂರಿದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಯೂ 1974ರ ಡಿಸೆಂಬರಿನಲ್ಲಿ ಒಂದಾಗಿ ಆ ಸಂಸ್ಥೆ ಹುಟ್ಟಿತು. ಅಲ್ಲಿಯ ನರಶರೀರಶಾಸ್ತ್ರ ವಿಭಾಗದ ವಿದ್ವಾಂಸರು ಧ್ಯಾನಾಭ್ಯಾಸಿಗಳ ನಿದ್ರೆಯನ್ನು ರಾತ್ರಿಯಿಡೀ ದಾಖಲಿಸಿ, ವಯಸ್ಸಾದಂತೆ ಸಾಮಾನ್ಯವಾಗಿ ಕ್ಷೀಣಿಸುವ ಗಾಢನಿದ್ರೆಯು ಆ ಅಭ್ಯಾಸಿಗಳಲ್ಲಿ ಅಷ್ಟಾಗಿ ಕ್ಷೀಣಿಸಿರಲಿಲ್ಲವೆಂದು 2006ರಲ್ಲಿ ಪ್ರಕಟಿಸಿದರು.

ಇಂಥ ಪರೀಕ್ಷೆಗೆ ಒಳಗಾಗುವವನು ತಲೆ, ಕಣ್ಣಂಚು, ಗಲ್ಲ, ಎದೆ, ಕಾಲುಗಳಿಗೆ ತಂತಿಗಳನ್ನು ಅಂಟಿಸಿಕೊಂಡು ಪರಸ್ಥಳದಲ್ಲಿ ಮಲಗಬೇಕು. ತಾಳವಾಡಿ ಬೆಟ್ಟಗಳ ರೈತನೊಬ್ಬನು ಗೊರಕೆಯ ಪರೀಕ್ಷೆಗೆಂದು ದನಕರುಗಳನ್ನೂ ಹೊಲವನ್ನೂ ಬಿಟ್ಟು ದೂರದ ನಗರಕ್ಕೆ ಹೋಗಿ ಮಲಗಿಬರುವುದು ಸುಲಭವಲ್ಲ. ಆದುದರಿಂದ ಯಂತ್ರವೇ ಮನುಷ್ಯನ ಬಳಿಗೆ ಬರುವುದು ಅಗತ್ಯವಾಯಿತು.

ಮಣಿಕಟ್ಟಿಗೆ ಬಂದ ಯಂತ್ರ

1961ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಕೈಗಡಿಯಾರಗಳನ್ನು ಮಾಡತೊಡಗಿತು. 1980ರ ದಶಕದಲ್ಲಿ ನಮ್ಮಂತೆಯೇ ಗಡಿಯೂರಾದ ಹೊಸೂರಿನಲ್ಲಿ ಟೈಟನ್ ಕಾರ್ಖಾನೆ ಎದ್ದಿತು. ಎಚ್.ಎಂ.ಟಿ. ಗಡಿಯಾರದ ಕಂಪೆನಿಯನ್ನು ಮುಚ್ಚಲು ಸರ್ಕಾರವು 2016ರಲ್ಲಿ ತೀರ್ಮಾನಿಸಿತು. ಆ ಗಡಿಯಾರಗಳು ಹೊತ್ತನ್ನು ಅಳೆಯುತ್ತಿದ್ದವು, ಕಟ್ಟಿಕೊಂಡವನನ್ನು ಅಳೆಯುತ್ತಿರಲಿಲ್ಲ. ಕಟ್ಟಿಕೊಂಡವನನ್ನೇ ಅಳೆಯುವ ಗಡಿಯಾರಕ್ಕೆ ಎರಡು ಉಪಾಯಗಳು ದಾರಿಮಾಡಿಕೊಟ್ಟವು.

ಮೊದಲನೆಯದು ಚಲನೆಯನ್ನು ಗುರುತಿಸುವ ವೇಗೋತ್ಕರ್ಷಮಾಪಕ. ಕೈ ಅಲ್ಲಾಡಿದರೆ ಎಚ್ಚರ, ಬಹಳ ಹೊತ್ತು ಅಲ್ಲಾಡದಿದ್ದರೆ ನಿದ್ರೆ ಎಂಬ ಸರಳ ತತ್ತ್ವದ ಮೇಲೆ 1970ರ ದಶಕದಿಂದ ಅಮೆರಿಕದಲ್ಲಿ ಮಣಿಕಟ್ಟಿನ ಉಪಕರಣಗಳ ಪ್ರಯೋಗ ನಡೆಯಿತು. 1992ರಲ್ಲಿ ಆ ಚಲನೆಗಳಿಂದ ನಿದ್ರೆಯನ್ನು ಲೆಕ್ಕಹಾಕುವ ಸೂತ್ರವೊಂದು ಪ್ರಕಟವಾಯಿತು. ಈಗಿನ ಗಡಿಯಾರಗಳ ಮೂಲ ಇದೇ.

ಎರಡನೆಯದು ಬೆಳಕು. ಜಪಾನಿನ ತಕುವೊ ಅವೊಯಾಗಿ ಎಂಬ ಇಂಜಿನಿಯರರು 1974ರಲ್ಲಿ ಪಲ್ಸ್ ಆಕ್ಸಿಮೀಟರಿನ ತತ್ತ್ವವನ್ನು ಪ್ರಕಟಿಸಿದರು. ಆಮ್ಲಜನಕ ತುಂಬಿದ ರಕ್ತವೂ ಆಮ್ಲಜನಕ ಕಳೆದುಕೊಂಡ ರಕ್ತವೂ ಕೆಂಪು ಬೆಳಕನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುವುವು. ಕೆಂಪು ಮತ್ತು ಅವಕೆಂಪು ಎಂಬ ಎರಡು ಬೆಳಕುಗಳನ್ನು ಬೆರಳಿನ ಮೂಲಕ ಹಾಯಿಸಿ, ನಾಡಿಯೊಡನೆ ಏರಿಳಿಯುವ ಭಾಗವನ್ನು ಮಾತ್ರ ಗಣಿಸಿದರೆ ರಕ್ತದ ಆಮ್ಲಜನಕವನ್ನು ಸೂಜಿಯಿಲ್ಲದೆ ತಿಳಿಯಬಹುದು. 2020 ಮತ್ತು 2021ರ ಕೊರೋನಾ ದಿನಗಳಲ್ಲಿ ಬೆರಳಿಗೆ ಸಿಕ್ಕಿಸಿ ನೋಡಿದ ಆ ಪುಟ್ಟ ಪೆಟ್ಟಿಗೆ ಇದೇ. ಅದನ್ನು ಕಂಡುಹಿಡಿದ ಮಹನೀಯರು, ಜಗತ್ತಿಗೆ ಅದು ಅತ್ಯಂತ ಬೇಕಾಗಿದ್ದ 2020ರ ಏಪ್ರಿಲಿನಲ್ಲಿಯೇ ತೀರಿಕೊಂಡರು.

ಈ ಎರಡು ಉಪಾಯಗಳೂ ಕಿರಿದಾಗಿ ಗಡಿಯಾರದ ಬೆನ್ನಿಗೆ ಸೇರಿದವು. 2024ರಲ್ಲಿ ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ಗಡಿಯಾರಕ್ಕೂ, ಸೆಪ್ಟೆಂಬರಿನಲ್ಲಿ ಆಪಲ್ ಗಡಿಯಾರಕ್ಕೂ ಉಸಿರುತಡೆಯ ಸೂಚನೆ ಕೊಡಲು ಅನುಮತಿಯಿತ್ತಿತು. ಮೊದಲನೆಯದು ರಕ್ತದ ಆಮ್ಲಜನಕದ ಏರಿಳಿತವನ್ನು ಎರಡು ರಾತ್ರಿ ನೋಡುವುದು. ಎರಡನೆಯದು ಮಣಿಕಟ್ಟಿನ ಸೂಕ್ಷ್ಮ ಚಲನೆಗಳಿಂದ ಉಸಿರಿನ ತೊಡಕುಗಳನ್ನು ಎಣಿಸಿ 30 ದಿನಗಳ ಲೆಕ್ಕ ನೋಡುವುದು. ನಮ್ಮಲ್ಲಿಯೂ ಕೆಲಸ ನಡೆದಿದೆ. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೋಜಿ ಎಂಬ ಉದ್ಯಮವು ಹಾಸಿಗೆಯ ಅಡಿಯಲ್ಲಿಡುವ ಹಾಳೆಯಿಂದ ಹೃದಯದ ಬಡಿತ, ಉಸಿರಾಟಗಳನ್ನು ಅಳೆಯುತ್ತದೆ. ಅದೇ ನಗರದ ಅಲ್ಟ್ರಾಹ್ಯೂಮನ್ ನಿದ್ರೆಯನ್ನು ಅಳೆಯುವ ಉಂಗುರವನ್ನು ಮಾಡುತ್ತದೆ.

ಆನೆ ಮತ್ತು ಆನೆಯ ಹೆಜ್ಜೆ

ಇಲ್ಲಿ ವಾಚಕರು ಒಂದು ಭೇದವನ್ನು ಚೆನ್ನಾಗಿ ಗಮನಿಸಬೇಕು. ನಮ್ಮ ಕಾಡುಗಳಲ್ಲಿ ಸೋಲಿಗರು ಆನೆಯನ್ನು ಕಾಣದೆಯೇ, ಹೆಜ್ಜೆ, ಲದ್ದಿ, ಮುರಿದ ಕೊಂಬೆಗಳಿಂದ ಅದು ಹೋದ ದಾರಿಯನ್ನು ಹೇಳಬಲ್ಲರು. ಪ್ರಯೋಗಶಾಲೆಯು ಆನೆಯನ್ನೇ ನೋಡುವುದು. ಮಿದುಳಿನ ತರಂಗವನ್ನೂ ಮೂಗಿನ ಗಾಳಿಯನ್ನೂ ನೇರವಾಗಿ ಅಳೆಯುವುದು. ಗಡಿಯಾರಕ್ಕೆ ಕಾಣುವುದು ಹೆಜ್ಜೆಗುರುತು ಮಾತ್ರ: ನಾಡಿಯ ಏರಿಳಿತ, ಆಮ್ಲಜನಕದ ಇಳಿತ, ಮೈಯ ಅಲುಗಾಟ. ಹೆಜ್ಜೆಯನ್ನು ಓದುವ ವಿದ್ಯೆ ದೊಡ್ಡದೇ. ಆದರೆ ಬಂಡೆಯ ಮೇಲೆ ಹೋದ ಆನೆ ಹೆಜ್ಜೆ ಮೂಡಿಸದು.

ಉದಾಹರಣೆಗೆ, ರಾಗಿಯ ಕಾವಲಿಗೆ ಹೊಲದ ಅಟ್ಟಣೆಯ ಮೇಲೆ ಕಂಬಳಿ ಹೊದ್ದು, ಆನೆ ಬಂದೀತೆಂದು ಅಲ್ಲಾಡದೆ ಕಿವಿಗೊಟ್ಟು ಕುಳಿತವನನ್ನು, ಚಲನೆಯನ್ನಷ್ಟೇ ನಂಬುವ ಉಪಕರಣವು ನಿದ್ರಿಸುತ್ತಿದ್ದಾನೆಂದು ಬರೆದುಕೊಳ್ಳಬಹುದು. ಆಪಲ್ ಕಂಪೆನಿಯು ತಾನೇ ಪ್ರಕಟಿಸಿದ ಲೆಕ್ಕದಂತೆ, ಮಧ್ಯಮ ಅಥವಾ ತೀವ್ರ ಉಸಿರುತಡೆಯಿರುವವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರನ್ನು ಮಾತ್ರ ಅದರ ಗಡಿಯಾರ ಗುರುತಿಸಿತು; ರೋಗವಿಲ್ಲದವರಿಗೆ ತಪ್ಪಾಗಿ ಎಚ್ಚರಿಕೆ ಕೊಟ್ಟದ್ದು ಬಹಳ ಕಡಿಮೆ. ಅಂದರೆ ಗಡಿಯಾರವು ಎಚ್ಚರಿಸಿದರೆ ಅಲಕ್ಷ್ಯಮಾಡಬಾರದು. ಅದು ಸುಮ್ಮನಿದ್ದರೆ ರೋಗವಿಲ್ಲವೆಂದು ನೆಮ್ಮದಿಯಾಗಿರಲೂಬಾರದು. ಬೆಳಕಿನ ಉಪಕರಣಕ್ಕೆ ಇನ್ನೊಂದು ತೊಡಕುಂಟು. 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ತೋರಿಸಿದಂತೆ, ಆಮ್ಲಜನಕ ನಿಜವಾಗಿ ಇಳಿದಿದ್ದರೂ ಆಕ್ಸಿಮೀಟರು ಸರಿಯಾಗಿದೆಯೆಂದು ತೋರಿಸಿದ್ದು ಬಿಳಿಯರಿಗಿಂತ ಕಪ್ಪುಜನರಲ್ಲಿ ಸುಮಾರು ಮೂರರಷ್ಟು ಹೆಚ್ಚು. ಬಿಸಿಲಿನಲ್ಲಿ ದುಡಿವ ಕಪ್ಪು ಮೈಯ ನಮ್ಮ ಜನ ಈ ಮಾತನ್ನು ನೆನಪಿಡಬೇಕು.

ಇಷ್ಟಾದರೂ ಇದರ ಉಪಯೋಗ ಸಣ್ಣದಲ್ಲ. ಬಣ್ಣಾರಿಯಿಂದ ಹಾಸನೂರಿಗೆ ಏರುವ ದಿಂಬಂ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ. ವನ್ಯಮೃಗಗಳ ರಕ್ಷಣೆಗಾಗಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿಸಂಚಾರಕ್ಕೆ ನಿರ್ಬಂಧ ಬಂದಿತು. ಆದರೆ ಉಸಿರುತಡೆಯಿರುವ ಚಾಲಕನಿಗೆ ಹಗಲೂ ರಾತ್ರಿಯಂತೆಯೇ ಅಪಾಯಕರ. ಅವನ ರೆಪ್ಪೆ ನಡುಹಗಲಿನಲ್ಲಿಯೂ ಮುಚ್ಚುವುದು. ಐರೋಪ್ಯ ಒಕ್ಕೂಟವು 2014ರಲ್ಲಿಯೇ ಇಂಥ ಚಾಲಕರ ವೈದ್ಯಪರೀಕ್ಷೆಯನ್ನು ಚಾಲನಾ ಪರವಾನಗಿಯ ನಿಯಮಗಳಲ್ಲಿ ಸೇರಿಸಿತು. ಲಾರಿ ನಡೆಸುವ ನಮ್ಮ ಅಣ್ಣತಮ್ಮಂದಿರ ಮಣಿಕಟ್ಟಿನ ಯಂತ್ರವೊಂದು "ವೈದ್ಯರಲ್ಲಿಗೆ ಹೋಗು" ಎಂದು ಹೇಳಿ, ಅವರು ಹೋದರೆ ಅಷ್ಟರಿಂದಲೇ ಒಂದು ಕುಟುಂಬ ಉಳಿದೀತು.

ತೂಕಡಿಸುವ ಮಗು

ಮಕ್ಕಳ ವಿಷಯವು ಬೇರೆ. ಮೇಲೆ ಹೇಳಿದ ಎರಡು ಗಡಿಯಾರಗಳಲ್ಲಿ ಒಂದರ ಸೂಚನೆ 22 ವರ್ಷ ತುಂಬಿದವರಿಗೆ, ಇನ್ನೊಂದರದು 18 ತುಂಬಿದವರಿಗೆ. ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಎರಡೂ ಅನ್ವಯಿಸವು.

ಅಮೆರಿಕದ ಡೇವಿಡ್ ಗೋಜಾಲ್ ಎಂಬ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರತಿಯೊಬ್ಬ ಉಪಾಧ್ಯಾಯರೂ ತಿಳಿದಿರಬೇಕಾದದ್ದು. ಒಂದನೆಯ ತರಗತಿಯಲ್ಲಿ ಓದಿನಲ್ಲಿ ತೀರ ಕೊನೆಯ ಹತ್ತನೆಯ ಒಂದು ಪಾಲಿನಲ್ಲಿದ್ದ 297 ಮಕ್ಕಳನ್ನು ಆರಿಸಿ, ಅವರವರ ಮನೆಯಲ್ಲಿಯೇ ರಾತ್ರಿ ಆಕ್ಸಿಮೀಟರು ಮೊದಲಾದ ಉಪಕರಣಗಳನ್ನು ತೊಡಿಸಿ ನೋಡಿದರು. 54 ಮಕ್ಕಳಲ್ಲಿ, ಎಂದರೆ ನೂರಕ್ಕೆ 18 ಮಂದಿಯಲ್ಲಿ, ನಿದ್ರೆಯ ಉಸಿರಾಟ ಕೆಟ್ಟಿತ್ತು. ಅವರಲ್ಲಿ 24 ಮಕ್ಕಳಿಗೆ ಗಂಟಲಿನ ಗ್ರಂಥಿಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆ ನಡೆಯಿತು. 30 ಮಕ್ಕಳ ಹೆತ್ತವರು ಒಪ್ಪಲಿಲ್ಲ. ಮರುವರ್ಷ ಚಿಕಿತ್ಸೆ ಪಡೆದ ಮಕ್ಕಳ ಅಂಕಗಳು ಏರಿದವು. ಪಡೆಯದವರ ಅಂಕಗಳು ಇದ್ದಲ್ಲಿಯೇ ಉಳಿದವು. 2013ರಲ್ಲಿ 464 ಮಕ್ಕಳ ಮೇಲೆ ನಡೆದ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ, ಏಕಾಗ್ರತೆಯ ಅಳತೆಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮಕ್ಕಳ ನಡತೆ, ನಿದ್ರೆ, ದಿನನಿತ್ಯದ ಉಲ್ಲಾಸ ಇವು ಸುಧಾರಿಸಿದವು. ಆದುದರಿಂದ ಹಿಂದುಳಿದ ಮಗುವಿಗೆಲ್ಲ ಇದೇ ಮದ್ದೆಂದು ನಾವು ಹೇಳುವುದಿಲ್ಲ. ಹಿಂದುಳಿದ ಮಗುವನ್ನು ದಡ್ಡನೆಂದು ಕರೆಯುವ ಮೊದಲು ಅದು ರಾತ್ರಿ ಹೇಗೆ ಉಸಿರಾಡುವುದೆಂದು ಕೇಳಬೇಕೆಂದಷ್ಟೇ ಹೇಳುವೆವು.

ನಮ್ಮ ಬೆಟ್ಟಗಳಲ್ಲಿ ಮಕ್ಕಳು ತೂಕಡಿಸಲು ಕಾರಣಗಳು ಹಲವು. ಸುಗ್ಗಿಗೆ ಮುಂಚೆ ಮನೆಮಂದಿಯೆಲ್ಲ ಆನೆ ಹಂದಿಗಳ ಭಯದಿಂದ ಅರ್ಧರಾತ್ರಿಯವರೆಗೆ ಎಚ್ಚರವಿರುವುದುಂಟು. ಹಸಿವು, ರಕ್ತಹೀನತೆ, ಈಚೆಗೆ ಮೊಬೈಲ್ ಕೂಡ ಕಾರಣವಾಗಿವೆ. ಇವುಗಳ ನಡುವೆ ಉಸಿರುತಡೆಯ ಮಗುವನ್ನು ಗುರುತಿಸಲು ಕೆಲವು ಲಕ್ಷಣಗಳಿವೆ: ನೆಗಡಿಯಿಲ್ಲದಾಗಲೂ ವಾರದ ಹೆಚ್ಚಿನ ರಾತ್ರಿಗಳಲ್ಲಿ ಗೊರಕೆ, ಹಗಲಿನಲ್ಲಿಯೂ ಬಾಯಿ ತೆರೆದು ಉಸಿರಾಡುವುದು, ನಿದ್ರೆಯಲ್ಲಿ ಉಸಿರು ನಿಂತು ಬೆಚ್ಚಿದಂತೆ ಮರಳುವುದು, ಹೊರಳಾಟ, ಬೆವರು, ದೊಡ್ಡ ಮಗುವಾದರೂ ಹಾಸಿಗೆ ಒದ್ದೆಮಾಡುವುದು, ಬೆಳಿಗ್ಗೆ ತಲೆನೋವು, ತರಗತಿಯಲ್ಲಿ ತೂಕಡಿಕೆ, ಇಲ್ಲವೆ ಅದಕ್ಕೆ ತೀರ ವಿರುದ್ಧವಾಗಿ ಒಂದೆಡೆ ಕೂರಲಾರದ ಚಡಪಡಿಕೆ. ಇವುಗಳಲ್ಲಿ ಕೆಲವು ಕೂಡಿಬಂದರೆ ಹೆತ್ತವರಿಗೆ ಸಮಾಧಾನದಿಂದ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲು ಹೇಳಬೇಕು. ಇದಕ್ಕೆ ಸಾವಿರಾರು ರೂಪಾಯಿಯ ಗಡಿಯಾರ ಬೇಡ. "ಅಮ್ಮಾ, ಮಗು ರಾತ್ರಿ ಗೊರಕೆ ಹೊಡೆಯುತ್ತದೆಯೇ? ನಡುವೆ ಉಸಿರು ನಿಂತಂತೆ ಆಗುತ್ತದೆಯೇ?" ಎಂಬ ಎರಡು ಪ್ರಶ್ನೆಗಳು ಸಾಕು.

ಉಪಸಂಹಾರ

ತಾಯಿಯ ಕಿವಿಯಿಂದ ಬರ್ಗರರ ತಂತಿಗೆ, ಅಲ್ಲಿಂದ 960 ಪುಟಗಳ ಕಾಗದಕ್ಕೆ, ಕೊನೆಗೆ ಕಡಲೆಬೀಜದಷ್ಟು ಚಿಕ್ಕ ಬೆಳಕಿನ ಕಣ್ಣಿಗೆ ನಿದ್ರೆಯ ಅಳತೆ ಸಾಗಿಬಂದಿದೆ. ಯಂತ್ರವು ಚಿಕ್ಕದಾದಷ್ಟೂ ಹೆಚ್ಚು ಜನರನ್ನು ಮುಟ್ಟಿತು. ಹಾಗೆಯೇ ಅದರ ಮಾತಿನಲ್ಲಿ ಊಹೆಯ ಪಾಲೂ ಹೆಚ್ಚಿತು. ಗಡಿಯಾರವು ಜರಡಿಯೇ ಹೊರತು ತಕ್ಕಡಿಯಲ್ಲ. ಯಾರು ವೈದ್ಯರ ಬಳಿಗೆ ಹೋಗಬೇಕೆಂಬುದನ್ನು ಅದು ಸೋಸಿಕೊಟ್ಟೀತು, ರೋಗದ ನಿರ್ಣಯವನ್ನು ವೈದ್ಯರೇ ಮಾಡಬೇಕು.

1889ರ ಹಿಲ್ಲರ ಮಾತನ್ನು ಜಗತ್ತು ಮರೆತದ್ದರಿಂದ ಎಷ್ಟೋ ತಲೆಮಾರಿನ ಮಕ್ಕಳು ತಮ್ಮದಲ್ಲದ ತಪ್ಪಿಗೆ ಬೆಂಚಿನ ಮೇಲೆ ನಿಂತರು. ಆ ಮಾತು ಇನ್ನೊಮ್ಮೆ ಮರೆಯದಂತೆ ನೋಡಿಕೊಳ್ಳುವುದು ಉಪಾಧ್ಯಾಯರಾದ ನಮ್ಮ ಕೈಯಲ್ಲಿದೆ. ನಾಳೆ ತರಗತಿಯಲ್ಲಿ ತಲೆ ತೂಗುವ ಮಗುವನ್ನು ಕಂಡಾಗ 'ಕುಂಭಕರ್ಣ' ಎಂಬ ಮಾತು ನಾಲಗೆಗೆ ಬರುವ ಮೊದಲು, ಆ ಮಗುವಿನ ರಾತ್ರಿಯನ್ನು ವಿಚಾರಿಸೋಣ.